ಅಕ್ಕನ ಗೊಂಬೆಗಳಿಗೆ ಗಂಡು ನೋಡಿದ್ದು

ಆ ಭಾನುವಾರ ಬೆಳಿಗ್ಗೆ ಸೀವುಡ್ಸಿನ ಅಕ್ಕನ ಮನೆಯಲ್ಲಿ ಇದ್ದವರು ನಾವು ನಾಲ್ಕು ಜನ. ಬಾಲ್ಕನಿಯ ಪಕ್ಕದ ಕುರ್ಚಿಯಲ್ಲಿ, ಪೇಪರಿನ ಹಿಂದೆ ಭಾವ. ಸೋಫಾದ ಮೇಲೆ, ಮೊಬೈಲಿನೊಳಗೆ ನನ್ನ ಮಗಳು. ಡೊಂಬಿವಲಿಯಿಂದ ಹೊರಟು ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ, ಅರ್ಧ ದಾರಿ ನಿಂತುಕೊಂಡೇ ಬಂದು ಫ್ಯಾನಿನ ಕೆಳಗೆ ಬೆವರು ಆರಿಸಿಕೊಳ್ಳುತ್ತಿದ್ದ ನಾನು. ನಮ್ಮೆಲ್ಲರ ಎದುರು, ಸಭೆ ಕರೆದವಳ ಗತ್ತಿನಲ್ಲಿ ಅಕ್ಕ. ಗಾಜಿನ ಕಪಾಟಿನೊಳಗೆ ನಿಂತವರನ್ನೂ ಸೇರಿಸಿದರೆ ನೂರರ ಹತ್ತಿರ ಆಗಬಹುದು. ಅಕ್ಕ ಸೇರಿಸುತ್ತಾಳೆ. ನಾನು ಸೇರಿಸುವುದಿಲ್ಲ.

"ಹುಡುಗಿಯರಿಗೆ ಒಂದು ಒಳ್ಳೆ ಮನೆ ನೋಡ್ಬೇಕು," ಎಂದು ಅಕ್ಕ ಘೋಷಿಸಿದಳು. "ನನ್ನಿಂದ ಇನ್ನು ಆಗುದಿಲ್ಲ. ಕೈ ಬೇರೆ ನಡುಗ್ತದೆ. ಯಾವತ್ತು ಯಾರನ್ನು ಬೀಳಿಸ್ತೇನೋ!"

ಓದುವವರು ಗಾಬರಿಯಾಗಬಾರದು. ಅಕ್ಕನಿಗೆ ಹೆಣ್ಣುಮಕ್ಕಳಿಲ್ಲ. ಇರುವವನು ಒಬ್ಬ ಮಗ, ಪುಣೆಯಲ್ಲಿ ಹೆಂಡತಿ ಕಟ್ಟಿಕೊಂಡು ಸುಖವಾಗಿದ್ದಾನೆ. ಅಕ್ಕ ಮನೆ ನೋಡಲು ಹೊರಟದ್ದು ತನ್ನ ಗೊಂಬೆಗಳಿಗೆ! ನಮ್ಮ ಚಿಕ್ಕಂದಿನಲ್ಲಿ ಹಲ್ಲುಜ್ಜುವ ಪೇಸ್ಟಿನ ಪೆಟ್ಟಿಗೆಯೊಳಗೆ ಪುಕ್ಕಟೆಯಾಗಿ ಬರುತ್ತಿದ್ದ, ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳಿಗೆ! ಕೊಡ ಹೊತ್ತವಳು, ಕೊಡೆ ಹಿಡಿದವಳು, ಬೀಸಣಿಗೆ ಬೀಸುವವಳು, ಒಂದು ಕಾಲೆತ್ತಿ ಕುಣಿಯುವವಳು. ನಡುನಡುವೆ ಒಬ್ಬ ಸಿಪಾಯಿ, ಒಬ್ಬ ಡೋಲು ಬಾರಿಸುವವನು. ಅಕ್ಕನ ಬಾಯಲ್ಲಿ ಇವರೆಲ್ಲರೂ "ಹುಡುಗಿಯರು". ಸಿಪಾಯಿ ಈವರೆಗೆ ತಕರಾರು ತೆಗೆದಿಲ್ಲ.

ಬ್ಯಾಂಕಿನಲ್ಲಿ ದೊಡ್ಡ ಕುರ್ಚಿಯ ಮೇಲೆ ಕುಳಿತು, ದೊಡ್ಡ ದೊಡ್ಡವರನ್ನು ಗಡಗಡ ನಡುಗಿಸಿ ನಿವೃತ್ತಳಾದ ಹೆಂಗಸು ನನ್ನ ಅಕ್ಕ. ಆದರೆ ಕಪಾಟಿನ ಮುಂದೆ ನಿಂತಾಗ ಅವಳ ವಯಸ್ಸು ಹನ್ನೊಂದು ದಾಟುವುದಿಲ್ಲ.

"ಪುಣೆಗೆ ಕಳಿಸು. ಮಗನಿಗೇ ಸೇರಬೇಕಾದ್ದಲ್ವಾ?" ಎಂದೆ, ಮನಸ್ಸಿನಲ್ಲಿ ಬೇರೆಯೇ ಇಟ್ಟುಕೊಂಡು.

"ಅಲ್ಲಿಗಾ? ಸೊಸೆಗೆ ಮನೆ ಖಾಲಿ ಖಾಲಿ ಇರ್ಬೇಕು. ಗೋಡೆಯಲ್ಲಿ ಒಂದು ಕ್ಯಾಲೆಂಡರು ಇಲ್ಲ ಮಾರಾಯ್ತಿ! ಏಕಾದಶಿ ಯಾವತ್ತು ಅಂತ ನಾನೇ ಫೋನು ಮಾಡಿ ಹೇಳ್ಬೇಕು. ನನ್ನ ನಂತರ ಇವರು ಗುಜರಿ ಹೆಕ್ಕುವ ಭಂಗಾರಿನವನ ಗೋಣಿಗೆ ಹೋಗುದನ್ನು ಮೇಲಿಂದ ನೋಡ್ಲಿಕ್ಕೆ ನಾನು ತಯಾರಿಲ್ಲ."

"ಮೇಲಿಂದಲೇ ನೋಡುದು ಅಂತ ಯಾರು ಹೇಳಿದ್ದು ನಿನಗೆ?" ಎಂದಿತು ಪೇಪರು.

ನನ್ನ ಮನೆ ಇಲ್ಲವೇ? ಎದುರಿಗೇ ಕುಳಿತಿದ್ದೇನಲ್ಲ, ಒಡಹುಟ್ಟಿದವಳು! ಈಗ ಹೇಳುತ್ತಾಳೆ, ಈಗ ಕರೆಯುತ್ತಾಳೆ ಎಂದು ಸೀರೆಯ ಸೆರಗು ಸರಿಮಾಡಿಕೊಂಡು ಕುಳಿತೆ. ಅಕ್ಕ ನನ್ನ ಕಡೆ ತಿರುಗಿಯೇಬಿಟ್ಟಳು.

"ಬರುವ ಭಾನುವಾರ ನೀನು ಬೇಗ ಬಾ. ಮೇಲಿನ ಫ್ಲ್ಯಾಟಿನ ಮೈಸೂರಿನವರು ನೋಡ್ಲಿಕ್ಕೆ ಬರ್ತಾರೆ. ಗೋಳಿಬಜೆ ನೀನೇ ಕರಿಯಬೇಕು."

ಕೇಳಿದಿರಾ? ಉಮೇದುವಾರರಲ್ಲಿ ನಾನಿಲ್ಲ. ಬಾಣಲೆಯ ಮುಂದೆ ಇದ್ದೇನೆ!

ನನ್ನ ಹೊಟ್ಟೆಕಿಚ್ಚಿನ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಅದಕ್ಕೂ ಐವತ್ತು ವರ್ಷದ ಮೇಲಾಯಿತು. ಒಳ್ಳೆಯ ಆರೋಗ್ಯದಲ್ಲಿದೆ.

ನಾವು ಆಗ ಕಲ್ಯಾಣದಲ್ಲಿ, ಸಾಲುಕೋಣೆಗಳ ಚಾಳಿನ ಒಂದು ಖೋಲಿಯಲ್ಲಿ ಇದ್ದೆವು. ಅಪ್ಪ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಮನೆಯಲ್ಲಿ ಹಲ್ಲುಜ್ಜಲು ಅಮ್ಮ ಊರಿಂದ ತಂದ ಉಮಿಕರಿ. ಬೆಳಿಗ್ಗೆ ಎಲ್ಲರ ಬಾಯಿಯೂ ರೈಲಿನ ಎಂಜಿನ್ನಿನಂತೆ ಕಪ್ಪು. ಒಮ್ಮೆ ಅಕ್ಕನಿಗೆ ಜ್ವರ ಬಂದು ಬಾಯಿಯೆಲ್ಲ ಹುಣ್ಣಾದಾಗ ಡಾಕ್ಟರು ಉಮಿಕರಿ ಬಿಡಿಸಿದರು. ಅಪ್ಪ ಪೇಸ್ಟು ತಂದರು. ಪೆಟ್ಟಿಗೆ ಬಿಚ್ಚಿದರೆ ಒಳಗಿನಿಂದ ಕೊಡೆ ಹಿಡಿದ ಹುಡುಗಿಯೊಬ್ಬಳು ಅಕ್ಕನ ಹಾಸಿಗೆಯ ಮೇಲೆ ಬಿದ್ದಳು. ಆ ಜ್ವರ ಇಳಿಯಿತು. ಈ ಜ್ವರ ಏರಿತು. ಇನ್ನೂ ಇಳಿದಿಲ್ಲ.

ಅಪ್ಪನಿಗೆ ದೊಡ್ಡ ಮಗಳೆಂದರೆ ಜೀವ. ಹೋಟೆಲಿನ ಅಡುಗೆ ಭಟ್ಟರಿಂದ ಹಿಡಿದು ದೋಸೆ ಹೊಯ್ಯುವವರವರೆಗೆ ಎಲ್ಲರಿಗೂ ಪೇಸ್ಟಿನ ದೀಕ್ಷೆ ಕೊಟ್ಟರು! ಪಾಪ, ಹುಟ್ಟಿದಂದಿನಿಂದ ಮಾವಿನೆಲೆಯಲ್ಲಿ ಹಲ್ಲುಜ್ಜಿದವರು ಬಾಯಿ ತುಂಬ ನೊರೆ ಮಾಡಿಕೊಂಡು ಕೂತರು. ಗೊಂಬೆಗಳು ಬರತೊಡಗಿದವು. ಆದರೂ ಅಕ್ಕನಿಗೆ ಸಾಲದು. ಮನೆಯ ಪೇಸ್ಟು ಬೇಗ ಮುಗಿದರೆ ತಾನೇ ಹೊಸ ಪೆಟ್ಟಿಗೆ? ಮುಗಿಸುವ ಹೊಣೆ ನನ್ನ ಮೇಲೆ ಬಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಯಾರಾದರೂ ಸಿಹಿ ಕೊಟ್ಟರೆ ಆಮೇಲೆ ಇನ್ನೊಮ್ಮೆ, ಅಕ್ಕ ನನ್ನನ್ನು ಮೋರಿಯ ಹತ್ತಿರ ಕೂರಿಸಿ ಉಜ್ಜಿಸುತ್ತಿದ್ದಳು. "ಇನ್ನೂ ಸ್ವಲ್ಪ ಹಾಕು, ಒಳಗಿನ ಹಲ್ಲಿಗೆ ತಾಗ್ಲಿ." ಚಾಳಿನಲ್ಲಿ ನನ್ನಷ್ಟು ಬಿಳಿ ಹಲ್ಲಿನವರು ಯಾರೂ ಇರಲಿಲ್ಲ. ಅಕ್ಕನಿಗೆ ಗೊಂಬೆ, ನನಗೆ ನೊರೆ!

ಮುಟ್ಟಲು ಬಿಟ್ಟಳೇ? "ಕೈ ಹಿಂದೆ ಕಟ್ಟಿಕೊಂಡು ನೋಡು" ಎನ್ನುತ್ತಿದ್ದಳು. ಮ್ಯೂಸಿಯಂ ನೋಡಲು ಹೋದಾಗ ಅಲ್ಲಿನ ಕಾವಲುಗಾರ ಕೂಡ ನನ್ನ ಜೊತೆ ಅಷ್ಟು ಖಡಕ್ಕಾಗಿ ಮಾತಾಡಲಿಲ್ಲ. ಒಂದೇ ತರದ ಗೊಂಬೆ ಎರಡು ಬಂದಾಗ ನನಗೆ ಆಸೆ ಚಿಗುರಿತು. ಬೀಸಣಿಗೆಯವಳು ಎರಡನೆಯ ಸಲ ಬಂದ ದಿನ ಸ್ನಾನ ಮಾಡಿ, ತಲೆ ಬಾಚಿಕೊಂಡು, ಅಕ್ಕನ ಎದುರು ಹೋಗಿ ನಿಂತೆ.

"ಇವರು ಅವಳಿ," ಎಂದಳು ಅಕ್ಕ, ಎರಡನ್ನೂ ಪಕ್ಕಪಕ್ಕ ನಿಲ್ಲಿಸುತ್ತಾ. "ಅಕ್ಕತಂಗಿಯರನ್ನು ಬೇರೆ ಮಾಡುದು ಪಾಪ."

ಹಾಗೆಂದು ಹೇಳಿದ್ದು ಯಾರಿಗೆ? ಸ್ವಂತ ತಂಗಿಗೆ!

ಅಕ್ಕನ ಮದುವೆಯಾಯಿತು. ಗಂಡನ ಮನೆಗೆ ಹೊರಟಾಗ ಕಂಕುಳಲ್ಲಿ ದೊಡ್ಡದೊಂದು ಸ್ಟೀಲಿನ ಡಬ್ಬಿ. ಚಕ್ಕುಲಿ ಇರಬೇಕೆಂದು ಭಾವ ದಾರಿಯಲ್ಲಿ ಬಾಯಲ್ಲಿ ನೀರೂರಿಸಿಕೊಂಡು ಮುಚ್ಚಳ ತೆಗೆದರಂತೆ. ಹತ್ತಿಯ ನಡುವಿನಿಂದ ಸಿಪಾಯಿ ಅವರಿಗೆ ಬಂದೂಕು ತೋರಿಸಿದನಂತೆ. "ನಾನು ಮದುವೆಯಾದದ್ದು ಒಬ್ಬಳನ್ನು, ಮನೆಗೆ ಬಂದದ್ದು ಒಂದು ಗ್ರಾಮ" ಎಂದು ಭಾವ ಈಗಲೂ ಹೇಳುತ್ತಾರೆ. ಆ ದಿನ ನಾನು ಕಲ್ಯಾಣದ ಸ್ಟೇಷನ್ನಿನಲ್ಲಿ ಹೋ ಎಂದು ಅತ್ತೆ. ಅಕ್ಕನ ಮೇಲೆ ಎಷ್ಟು ಪ್ರೀತಿ ಎಂದು ನೆಂಟರೆಲ್ಲ ಕಣ್ಣು ಒರೆಸಿಕೊಂಡರು. ಅಕ್ಕನಿಗೆ ಅತ್ತೆನೋ ಡಬ್ಬಿಗೆ ಅತ್ತೆನೋ ನನಗೇ ಸರಿಯಾಗಿ ಗೊತ್ತಿಲ್ಲ.

ಅಂದಿನಿಂದ ಅಕ್ಕ ಆ ಡಬ್ಬಿಯವರಿಗೆ ಸೇರಿದವಳಾದಳು. ಒಂದು ಮಳೆಗಾಲ ಅವರ ಗ್ರೌಂಡ್ ಫ್ಲೋರಿನ ಮನೆಗೆ ನೀರು ನುಗ್ಗಿದಾಗ ಭಾವ ಗ್ಯಾಸ್ ಸಿಲಿಂಡರನ್ನು ಮಾಳಿಗೆಗೆ ಹೊತ್ತರು. ಅಕ್ಕ ಮೊದಲು ಗೊಂಬೆಗಳನ್ನು, ಆಮೇಲೆ ಮಗನನ್ನು ಹೊತ್ತಳು. "ಮಗನಿಗೆ ಈಜು ಬರ್ತಿತ್ತು" ಎಂಬುದು ಅವಳ ಸಮಜಾಯಿಷಿ. ನನ್ನ ಮದುವೆಯ ದಿನ ಅವಳಿಗೆ ನೆನಪಿರುವುದು ಹೇಗೆ ಗೊತ್ತೇ? "ಡೋಲಿನವನ ಬಣ್ಣ ಹೋಗಿತ್ತಲ್ಲ, ಅದೇ ವಾರ ಅಲ್ವಾ ನಿನ್ನದು?" ಈಗ ಗೊಂಬೆ ಪ್ರಿಯರ ವಾಟ್ಸಾಪ್ ಗುಂಪೊಂದಿದೆ. ಅಲ್ಲಿಗೆ ದಿನಾ ಬೆಳಿಗ್ಗೆ ಒಬ್ಬೊಬ್ಬ ಹುಡುಗಿಯ ಫೋಟೋ ಹೋಗುತ್ತದೆ, ಬಿಸಿಲಿನಲ್ಲಿ, ನೆರಳಿನಲ್ಲಿ, ತುಳಸಿ ಗಿಡದ ಪಕ್ಕದಲ್ಲಿ. ಗುರುತು ಪರಿಚಯ ಇಲ್ಲದವರೆಲ್ಲ "ವಾಹ್ ದೀದಿ" ಎನ್ನುತ್ತಾರೆ. ನನಗೆ ಮಾತ್ರ ಮೊಣಕಾಲು ನೋವಿಗೆ ಮೆಂತೆಕಾಳಿನ ಫಾರ್ವರ್ಡು!

ಇದನ್ನೆಲ್ಲ ನಾನು ನುಂಗಿಕೊಂಡಿದ್ದೇನೆ. ನುಂಗಲಾಗದ್ದು ಒಂದೇ. ಇಷ್ಟು ವರ್ಷಗಳಲ್ಲಿ ಅಕ್ಕ ನನ್ನ ಮನೆಯಲ್ಲಿ ಒಂದು ರಾತ್ರಿಯೂ ಉಳಿದವಳಲ್ಲ. ಬಾಣಂತನಕ್ಕೆ ಬಂದಳು, ಸಂಜೆಯ ಗಾಡಿಗೆ ಹೊರಟಳು. ನನ್ನ ಪಿತ್ತಕೋಶದ ಆಪರೇಷನ್ ಆದಾಗ ಬೆಳಿಗ್ಗೆ ಗಂಜಿ ಹೊತ್ತುಕೊಂಡು ಡೊಂಬಿವಲಿಗೆ ಬಂದಳು, ದೀಪ ಹಚ್ಚುವ ಹೊತ್ತಿಗೆ ಚಪ್ಪಲಿ ಮೆಟ್ಟಿದಳು. "ಇವತ್ತೊಂದು ದಿನ ಇರಬಾರದಾ ಅಕ್ಕಾ?" ಎಂದರೆ, "ಅಯ್ಯೋ, ಕಪಾಟಿನ ಕೀಲಿ ನನ್ನ ಹತ್ತಿರ ಉಂಟು. ಅಲ್ಲಿ ಇವರೊಬ್ಬರೇ. ಧೂಳು ಒರೆಸ್ತೇನೆ ಅಂತ ಕೈ ಹಾಕಿದರೆ?" ಕೀಲಿ ಇವಳ ಹತ್ತಿರ ಇರುವಾಗ ಭಾವ ಕೈ ಹಾಕುವುದು ಹೇಗೆ ಎಂದು ಕೇಳುವಷ್ಟರಲ್ಲಿ ರಿಕ್ಷಾ ಮೂಲೆ ತಿರುಗಿತ್ತು.

ಈಗ ಹೇಳಿ, ನನ್ನ ಹೊಟ್ಟೆ ಉರಿಯಬೇಕೋ ಬೇಡವೋ?

ಮುಂದಿನ ಭಾನುವಾರ ಹೋದರೆ ಅಕ್ಕನ ಮನೆ ಹೆಣ್ಣು ತೋರಿಸುವ ಮನೆಯಾಗಿತ್ತು. ಕಿಟಕಿಗೆ ಹೊಸ ಪರದೆ, ಭಾವನ ಮೈಮೇಲೆ ಇಸ್ತ್ರಿ ಮಾಡಿದ ಅಂಗಿ, ಕಪಾಟಿನ ಬುಡದಲ್ಲಿ ರಂಗೋಲಿ. ನನ್ನ ಮಗಳು ಒಳಗೆ ಕಾಲಿಡುತ್ತಲೇ, "ಮೌಶಿ, ಯೇ ತೋ ಪೂರಾ ಸ್ವಯಂವರ್ ಹೈ!" ಎಂದು ನಕ್ಕಳು. ಅಕ್ಕ ನಗಲಿಲ್ಲ. "ನೀನು ಕಾಫಿ ತಟ್ಟೆ ಹಿಡ್ಕೊಂಡು ಬರ್ಬೇಕು. ಆ ಹರಿದ ಪ್ಯಾಂಟು ಬದಲಿಸಿ ಬಾ," ಎಂದಳು.

ಮೈಸೂರು ಕಡೆಯ ಆ ಮಹಾತಾಯಿಯ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ. ನಮ್ಮ ಕರಾವಳಿಯ ಮನೆಗಳಲ್ಲಿ ಅದು ಇಲ್ಲ. ಹಾಗಾಗಿ ಅಕ್ಕನಿಗೆ ಅವರ ಮೇಲೆ ದೊಡ್ಡ ಭರವಸೆ. ನಾನು ಬಿಸಿ ಬಜೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಮುಖ ಹೇಗಿತ್ತೋ, ಕನ್ನಡಿ ಇರಲಿಲ್ಲ.

"ನಮ್ಮನೇಲಿ ಇವಕ್ಕೆ ಏನೂ ಕಮ್ಮಿ ಮಾಡಲ್ಲ ಕಣ್ರೀ," ಎಂದರು ಆಕೆ. "ಕೊನೇ ಮೆಟ್ಟಿಲಲ್ಲಿ ಪಾರ್ಕು ಮಾಡ್ತೀವಲ್ಲ, ಅಲ್ಲಿ ರಾಗಿ ಪೈರಿನ ಮಧ್ಯೆ ಓಡಾಡ್ಕೊಂಡಿರ್ತವೆ."

"ಕೊನೆಯ ಮೆಟ್ಟಿಲು," ಎಂದಳು ಅಕ್ಕ.

"ಮೇಲಿನವೆಲ್ಲ ಪಟ್ಟದ ಗೊಂಬೆ, ದೇವರು ದಿಂಡರು, ದಶಾವತಾರ ಅಂತ ಭರ್ತಿ."

"ನವರಾತ್ರಿ ಕಳೆದ ಮೇಲೆ?"

"ಹಳೇ ಪಂಚೆ ಸುತ್ತಿ ಟ್ರಂಕಿಗೆ. ನುಸಿಗುಳಿಗೆ ಹಾಕಿಡ್ತೀವಿ, ಭದ್ರವಾಗಿರತ್ತೆ."

ಅಕ್ಕ ಒಮ್ಮೆ ಗೊಂಬೆಗಳನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಮನೆಯಲ್ಲಿ ಮಾತಾಡಿ ಹೇಳಿಕಳಿಸ್ತೇವೆ" ಎಂದಳು. ಆಕೆ ಹೋದದ್ದೇ ತಡ, "ವರ್ಷಕ್ಕೆ ಹತ್ತು ದಿನ ಬೆಳಕು ಕಾಣುವ ಮನೆಗೆ ಹೆಣ್ಣು ಕೊಡುದಾ? ಉಳಿದ ದಿನ ನುಸಿಗುಳಿಗೆ ಮೂಸಿಕೊಂಡು ಇರ್ಬೇಕಾ?" ಎಂದು ಉರಿದುಬಿದ್ದಳು. ಭಾವ ಬಜೆ ಬಾಯಿಗೆ ಹಾಕಿಕೊಂಡು, "ಜಾತಕ ಕೂಡಿ ಬರ್ಲಿಲ್ಲ" ಎಂದು ತೀರ್ಪು ಕೊಟ್ಟರು. ನನಗೆ ಒಳಗೊಳಗೇ ಹಬ್ಬ! ಠಾಣೆಯವರೆಗೂ ಗಾಡಿಯಲ್ಲಿ ನಗುತ್ತಾ ಬಂದೆ.

ಎರಡನೆಯ ಸಂಬಂಧ ಠಾಣೆಯದು. ವಾಟ್ಸಾಪ್ ಗುಂಪಿನ ಮರಾಠಿ ಹುಡುಗ, ತಾಯಿಯನ್ನು ಕರೆದುಕೊಂಡು ಬಂದ. ತಾಯಿ ಬಲು ಸಜ್ಜನ ಹೆಂಗಸು. ಕಪಾಟು ನೋಡಿದ ಕೂಡಲೇ, "ಅಗಬಾಯೀ, ಕಿತೀ ಗೋಡ್ ಬಾಹುಲ್ಯಾ!" ಎಂದು ಕೆನ್ನೆಗೆ ಕೈ ಹಚ್ಚಿಕೊಂಡರು. ಎಷ್ಟು ಮುದ್ದಾದ ಗೊಂಬೆಗಳು ಎನ್ನಿಸಿಕೊಂಡ ಮೇಲೆ ಅಕ್ಕ ಬೆಣ್ಣೆಯಾಗದೆ ಇರುತ್ತಾಳೆಯೇ? ಕೀಲಿ ಸೊಂಟದಿಂದ ಹೊರಗೆ ಬಂತು. ಕಪಾಟು ತೆರೆಯಿತು. ಆ ಹುಡುಗ ಬಿಳಿ ಗ್ಲೋವ್ಸ್ ಹಾಕಿಕೊಂಡು, ಕೊಡೆಯ ಹುಡುಗಿಯನ್ನು ಎತ್ತಿ ಅಂಗೈಯ ಮೇಲೆ ನಿಲ್ಲಿಸಿಕೊಂಡ.

ನಾನು ಬಾಗಿಲಿನಲ್ಲಿ ಸೌಟು ಹಿಡಿದು ನಿಂತಿದ್ದೆ. ನನಗೆ ಐವತ್ತು ವರ್ಷ ಕೈ ಹಿಂದೆ! ನಿನ್ನೆ ಮೊನ್ನೆ ಹುಟ್ಟಿದ, ವಾಟ್ಸಾಪಿನಲ್ಲಿ ಸಿಕ್ಕಿದ ಹುಡುಗನಿಗೆ ಅಂಗೈ! ಒಳಗೆ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಯಾವುದು ಎಣ್ಣೆಯ ಹೊಗೆ, ಯಾವುದು ನನ್ನದು ಎಂದು ಹೇಳುವುದು ಕಷ್ಟವಿತ್ತು.

ಹುಡುಗ ಭೂತಗನ್ನಡಿ ತೆಗೆದ. ಗೊಂಬೆಯನ್ನು ತಲೆಕೆಳಗೆ ಮಾಡಿ ಪಾದ ನೋಡಿದ. "ಬೇಸ್ ಪೇ ಥೋಡಾ ಚಿಪ್ ಹೈ ಆಂಟಿ. ಬಿ ಗ್ರೇಡ್ ಜಾಯೇಗಾ," ಎಂದ, ಚಕ್ಕೆ ಎದ್ದ ಅಂಚಿಗೆ ಬೆರಳಿಟ್ಟು.

"ಏನು ಹೋಗ್ತದೆ?" ಎಂದಳು ಅಕ್ಕ.

"ಎಲ್ಲವನ್ನೂ ನಾನು ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೀಲ್ ಮಾಡಿ, ಗ್ರೇಡ್ ಚೀಟಿ ಹಚ್ಚಿ ಇಡುತ್ತೇನೆ," ಎಂದು ಹಿಂದಿಯಲ್ಲಿ ವಿವರಿಸಿದ, ಹೆಮ್ಮೆಯಿಂದ. "ಗಾಳಿ ಕೂಡ ಹೋಗಲ್ಲ."

ಅಕ್ಕ ಮತ್ತೆ ನನ್ನ ಕಡೆ ನೋಡಿದಳು. ನಾನು ಮುಖ ತಿರುಗಿಸಿ ಒಳಗೆ ಹೋಗಿ ಒಲೆ ಆರಿಸಿದೆ. ಹೊರಗೆ ಅಕ್ಕನ ದನಿ ಕೇಳಿತು: "ನೋಡು ಬೇಟಾ, ಇವರಿಗೆ ಜೊತೆಯಲ್ಲಿ ನಿಂತು ಅಭ್ಯಾಸ. ಬೇರೆ ಬೇರೆ ಕವರು ಆಗ್ಲಿಕ್ಕಿಲ್ಲ." ಅವರು ಹೋದ ಮೇಲೆ ಅರ್ಧ ಗಂಟೆ ಕೊಡೆಯವಳ ಪಾದ ಸವರುತ್ತಾ, "ಬಿ ಗ್ರೇಡಂತೆ! ಇವನ ಮುಖಕ್ಕೆ ಯಾವ ಗ್ರೇಡಂತೆ?" ಎಂದು ಬಡಬಡಿಸುತ್ತಿದ್ದಳು. ಎರಡನೆಯ ಸಂಬಂಧವೂ ಮುರಿಯಿತು. ನಾನು ಉಳಿದ ಬಜೆಯನ್ನೆಲ್ಲ ಡಬ್ಬಿಗೆ ತುಂಬಿಸಿಕೊಂಡು ಸಂತೋಷದಿಂದ ಮನೆಗೆ ಬಂದೆ. ಇನ್ನು ಯಾರಿದ್ದಾರೆ? ಇನ್ನಾದರೂ ಇವಳು ನನ್ನನ್ನು ಕೇಳಲೇಬೇಕು!

ಕೇಳಲಿಲ್ಲ. ಮೂರನೆಯದು ನನ್ನ ಮಗಳೇ ತಂದ ಸಂಬಂಧ, ಮನೆಯೊಳಗಿನ ಶತ್ರು! ಅವಳ ಗೆಳತಿಯ ಅಕ್ಕ ಠಾಕುರ್ಲಿಯಲ್ಲಿ ಮಕ್ಕಳ ಹಲ್ಲಿನ ಡಾಕ್ಟರು, ಧಾರವಾಡ ಕಡೆಯ ಹುಡುಗಿ. ಪೇಸ್ಟಿನ ಪೆಟ್ಟಿಗೆಯ ಗೊಂಬೆಗಳ ಸುದ್ದಿ ಕೇಳಿ ತಾನಾಗಿ ಫೋನು ಮಾಡಿದ್ದಳಂತೆ. ಒಬ್ಬಳೇ ಬಂದಳು. ಚಪ್ಪಲಿ ಬಿಟ್ಟು, ಅಕ್ಕನ ಕಾಲಿಗೆ ನಮಸ್ಕಾರ ಮಾಡಿ, ಭಾವನಿಗೆ ಕೈ ಮುಗಿದು, ಸೀದಾ ಅಡುಗೆಮನೆಗೆ ಬಂದು, "ಅಕ್ಕಾರ, ಎಣ್ಣಿ ವಾಸನಿ ಕೆಳಗ ಲಿಫ್ಟಿನ್ಯಾಗ ಬರಾಕತ್ತಿತ್ರೀ! ಏನ್ ಕರೀತೀರಿ?" ಎಂದು ತಟ್ಟೆಯಿಂದ ಒಂದು ಬಜೆ ಎತ್ತಿಕೊಂಡಳು. ಇಂಥವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಗೊತ್ತೇ? ಆದರೂ ಬಿಡದೆ ಪಟ್ಟೆ.

ಅಕ್ಕ ವಿಚಾರಣೆಗೆ ಕುಳಿತಳು.

"ಗಾಜಿನ ಕಪಾಟು ಉಂಟಾ ನಿಮ್ಮ ಕ್ಲಿನಿಕ್ಕಿನಲ್ಲಿ?"

"ಇಲ್ರೀ ಅಕ್ಕಾರ. ಇದ್ರೂ ನಾ ಇವನ್ನ ಕಪಾಟಿನ್ಯಾಗ ಇಡಂಗಿಲ್ರೀ."

ಅಕ್ಕನ ಹುಬ್ಬು ಮೇಲೆ ಹೋಯಿತು. "ಮತ್ತೆ?"

"ಹುಡುಗ್ರ ಕೈಯಾಗ ಕೊಡ್ತೀನ್ರೀ."

ಮುಗಿಯಿತು! ನಾನು ಮನಸ್ಸಿನಲ್ಲೇ ಅವಳಿಗೆ ವಾಪಸು ಗಾಡಿ ಹತ್ತಿಸಿದೆ. ಕಪಾಟಿನ ಬಾಗಿಲಿಗೆ ಬೆರಳು ತಾಗಿಸಿದರೆ ಸೆರಗಿನಿಂದ ಒರೆಸುವ ಹೆಂಗಸಿಗೆ ಎಂಥ ಮಾತು!

"ಚಿಕಿತ್ಸಾ ಕುರ್ಚಿ ಮ್ಯಾಲೆ ಕುಂತ ಕೂಡ್ಲೇ ಹುಡುಗ್ರು ಮುಷ್ಟಿ ಕಟ್ಟತಾವ್ರೀ," ಎಂದಳು ಡಾಕ್ಟರು, ತನ್ನ ಎರಡೂ ಕೈಯ ಮುಷ್ಟಿ ಮಾಡಿ ತೋರಿಸುತ್ತಾ. "ಖಾಲಿ ಮುಷ್ಟಿ. ಅವ್ವನ ಕೈ ಹಿಡ್ಕೋ ಅಂದ್ರ ಅವ್ವಾನೇ ಅಳಾಕತ್ತಿರ್ತಾಳ. ಅದರಾಗ ಹಿಡ್ಕೊಳ್ಳಾಕ ಏನರ ಇದ್ರ ಅರ್ಧ ಅಂಜಿಕಿ ಇಳೀತೈತ್ರೀ. ಬೆರಳಷ್ಟ ಉದ್ದಾ, ಮುಷ್ಟಿಗೆ ಸರಿಯಾಗಿ ಕೂಡೂದು ಇವೇ ನೋಡ್ರಿ."

"ಸಣ್ಣ ಮಕ್ಕಳು ನುಂಗಿದರೆ?"

"ಕೂಸುಗಳಿಗೆ ಕೊಡಂಗಿಲ್ರೀ. ತಿಳುವಳಿಕಿ ಬಂದವಕ್ಕ ಅಷ್ಟ. ಪ್ರತಿ ಸಲ ತೊಳದ ಇಡ್ತೀನಿ."

"ಮುರಿದರೆ?"

"ಮುರೀತಾವ್ರೀ. ಎಲ್ಲಾ ಅಲ್ಲ, ಕೆಲವು ಮುರೀತಾವ. ಸುಳ್ಳ ಹೇಳಂಗಿಲ್ರೀ ನಾ."

ಭಾವ ಪೇಪರನ್ನು ಮಡಚಿ ತೊಡೆಯ ಮೇಲೆ ಇಟ್ಟರು. ಆ ಮನೆಯಲ್ಲಿ ನಾನು ಅದನ್ನು ಮೊದಲ ಬಾರಿ ನೋಡಿದ್ದು. ಅಕ್ಕ ಎದ್ದು ಕಪಾಟಿನ ಮುಂದೆ ಹೋಗಿ ನಿಂತಳು. ಕೈ ನಡುಗುವುದು ನಮಗೆ ಕಾಣಬಾರದೆಂದು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಆಮೇಲೆ ತಿರುಗಿ, ನನ್ನ ಕಡೆ ನೋಡಿ, "ನೀನು ಎಂತ ಹೇಳ್ತಿ?" ಎಂದಳು.

ಅಷ್ಟೇ ಸಾಕಾಯಿತು! ಮೂರು ಭಾನುವಾರದ ಹೊಗೆ ಒಮ್ಮೆಲೇ ಹೊರಗೆ ಬಂತು.

"ನನ್ನನ್ನು ಯಾಕೆ ಕೇಳ್ತಿ? ನಾನು ಯಾರು ಇಲ್ಲಿ? ಬಜೆ ಕರಿಯುವವಳು! ಮೇಲಿನ ಮನೆಯವರಿಗೆ ಕೇಳಿದಿ, ಠಾಣೆಯವರಿಗೆ ಕೇಳಿದಿ, ಹಾದಿಯಲ್ಲಿ ಹೋಗುವವರಿಗೆಲ್ಲ ಕೇಳಿದಿ. ತಂಗಿ ಅಂತ ಒಬ್ಬಳು ಇದ್ದಾಳಲ್ಲ, ಅವಳಿಗೆ ಬೇಕಾ ಅಂತ ಒಂದು ಮಾತು ಕೇಳಿದ್ಯಾ?"

ಹೊರಗಿನವರ ಎದುರು ಹೀಗೆ ಆಡಿದ್ದಕ್ಕೆ ನನ್ನ ಮಗಳು ಹಣೆ ಹಿಡಿದುಕೊಂಡಳು. ಡಾಕ್ಟರು ಬಜೆಯನ್ನು ಬಾಯಿಯ ಹತ್ತಿರವೇ ನಿಲ್ಲಿಸಿದಳು. ಅಕ್ಕ ಮಾತ್ರ, ನಿಜವಾಗಿಯೂ ಏನೂ ಅರ್ಥವಾಗದವಳಂತೆ, ಬಾಯಿ ಬಿಟ್ಟು ನನ್ನನ್ನೇ ನೋಡಿದಳು.

"ನಿನಗಾ? ನಿನಗೆ ಹೇಗೆ ಕೊಡುದು?"

"ಯಾಕೆ, ನನ್ನ ಕೈಗೆ ಎಂತ ಆಗಿದೆ?"

"ಅಲ್ಲ ಮಾರಾಯ್ತಿ, ಹೆಣ್ಣು ಕೊಡುವವರೇ ಎದುರು ಕೂತು ಹೆಣ್ಣು ಕೇಳ್ತಾರಾ? ನೀನು ಹುಡುಗಿಯರ ಕಡೆಯವಳಲ್ವಾ! ಇಲ್ಲದಿದ್ದರೆ ಪ್ರತಿ ಸಲ ನಿನ್ನನ್ನು ಡೊಂಬಿವಲಿಯಿಂದ ಯಾಕೆ ಕರೆಸುದು? ಬಜೆಗಾ? ಕೆಳಗಿನ ಹೋಟೆಲಿನಲ್ಲಿ ಇದಕ್ಕಿಂತ ಮೆತ್ತಗಿನ ಬಜೆ ಸಿಗ್ತದೆ!"

"ಅದು ಹೌದು" ಎಂದರು ಭಾವ, ಮೆಲ್ಲಗೆ.

"ಮೈಸೂರಿನವರಿಗೆ ನಾನು ಕೊಡ್ತಿದ್ದೆ," ಅಕ್ಕ ಬಿಡಲಿಲ್ಲ. "ಟ್ರಂಕಾದರೆ ಟ್ರಂಕು, ನಾಲ್ಕು ದಿನ ಬೈದು ಸುಮ್ಮನಾಗ್ತಿದ್ದೆ. ನೀನು ಬಾಗಿಲಲ್ಲಿ ನಿಂತು ಮುಖ ಹುಳಿ ಮಾಡಿದಿ. ನಿನಗೆ ಮನಸ್ಸಿಲ್ಲ ಅಂತ ಬಿಟ್ಟೆ. ಇನ್ನೊಂದು ಮಾತು ಹೇಳಿದರೆ ಠಾಣೆಯ ಹುಡುಗ ಕವರು ಬಿಡ್ತಿದ್ದ. ಅವನು ಎತ್ತಿಕೊಂಡಾಗ ನಿನ್ನ ಮುಖ ನೋಡಿದೆ. ದೇವರೇ, ಆ ಮುಖ! ಅವನನ್ನೂ ಬಿಟ್ಟೆ. ನಮ್ಮಿಬ್ಬರದ್ದಲ್ವಾ ಇದು? ನಿನ್ನನ್ನು ಬಿಟ್ಟು ನಾನೊಬ್ಬಳೇ ಕೊಡ್ಲಿಕ್ಕೆ ಆಗ್ತದಾ?"

ಎರಡು ಒಳ್ಳೆಯ ಮನೆತನಗಳನ್ನು ನನ್ನ ಹುಳಿ ಮುಖವೇ ಕೆಡಿಸಿತ್ತು. "ನಮ್ಮಿಬ್ಬರದ್ದು" ಎಂಬ ಮಾತನ್ನು ಇವಳು ಐವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ? ಎಲ್ಲರಿಗೂ ಗೊತ್ತಿರುವ ಸಂಗತಿ ಎಂದುಕೊಂಡಿದ್ದಳಂತೆ!

"ನಿನಗೆ ಬೇಡ ಅಂದರೆ ಬೇಡ," ಎಂದಳು ಅಕ್ಕ. ದನಿ ಇಳಿದಿತ್ತು. "ಮಕ್ಕಳ ಕೈಯಲ್ಲಿ ಮುರೀತದೆ. ಯೋಚನೆ ಮಾಡಿ ಹೇಳು."

ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನಾನು "ನನ್ನ ಮನೆಗೇ ಇರಲಿ" ಎಂದಿದ್ದರೆ ಅಕ್ಕ ಕೊಟ್ಟುಬಿಡುತ್ತಿದ್ದಳು. ನಾಲಿಗೆಯ ತುದಿಗೆ ಬಂದಿತ್ತು. ಡೊಂಬಿವಲಿಯ ನನ್ನ ಟಿವಿಯ ಪಕ್ಕದಲ್ಲಿ ಜಾಗವೂ ಇದೆ. ಆದರೆ ಹಾಗೆ ಇಟ್ಟುಕೊಂಡು ನಾನೇನು ಮಾಡಬೇಕು? ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಂಜೆಯಾದ ಕೂಡಲೇ ಎಲ್ಲಿಂದಲೋ ಓಡಿ ಬರಬೇಕು. ಸೆರಗಿನೊಳಗಿನ ಆ ಕೈಯನ್ನು ಒಮ್ಮೆ ನೋಡಿದೆ.

"ಕೊಡುವಾ ಅಕ್ಕಾ. ಒಳ್ಳೆ ಮನೆ," ಎಂದೆ.

"ಹಾಗಾದರೆ ನೀನೇ ತೆಗಿ. ನಾನು ಬೀಳಿಸ್ತೇನೆ," ಎಂದು ಕೀಲಿ ನನ್ನ ಕಡೆ ಚಾಚಿದಳು. ನಾನು ಮುಂದೆ ಬಂದ ಕೂಡಲೇ ಹೌಹಾರಿ, "ಎಣ್ಣೆ ಕೈ! ತೊಳೆದು ಬಾ! ಸೋಪು ಹಾಕಿ!" ಎಂದು ಕೂಗಿದಳು.

ಸೋಪು ಹಾಕಿ ತೊಳೆದು ಬಂದೆ. ಒಬ್ಬೊಬ್ಬಳನ್ನಾಗಿ ತೆಗೆದುಕೊಟ್ಟೆ, ಅಕ್ಕ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಮಲಗಿಸಿದಳು. ಮೊದಲನೆಯದನ್ನು ಎತ್ತಿಕೊಂಡಾಗ ನನಗೆ ಮೋಸವಾದಂತಾಯಿತು. ಭಾರವೇ ಇಲ್ಲ! ಇಷ್ಟು ಹಗುರದ ವಸ್ತುವಿಗೆ ಇಷ್ಟು ವರ್ಷ ನಾನು ಅಷ್ಟು ಭಾರ ಹೊತ್ತೆನೇ?

ಮುಂದಿನ ವಾರ ನಾವಿಬ್ಬರೇ ಹೋಗಿ ಬಿಟ್ಟು ಬಂದೆವು. ಅಕ್ಕ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಲೇಡೀಸ್ ಡಬ್ಬದಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಎದುರಿನ ಹೆಂಗಸು "ಲಗ್ನಾಲಾ?" ಎಂದು ಕೇಳಿದಾಗ, ಮದುವೆಗೇ ಎಂಬಂತೆ ತಲೆಯಾಡಿಸಿದಳು. ಠಾಕುರ್ಲಿಯ ಕ್ಲಿನಿಕ್ಕಿನಲ್ಲಿ ಆಗಲೇ ಒಬ್ಬ ಪುಟ್ಟ ಹುಡುಗಿ ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದಳು. ಡಾಕ್ಟರು ನಮ್ಮನ್ನು ನೋಡಿ ಕಣ್ಣಿನಲ್ಲೇ ಕೇಳಿದಳು. ಅಕ್ಕ ಡಬ್ಬಿ ಬಿಚ್ಚಿ ಹುಡುಕಿ, ಡೋಲಿನವನನ್ನು ತೆಗೆದು, ಆ ಮಗುವಿನ ಅಂಗೈಯಲ್ಲಿಟ್ಟು ಅದರ ಬೆರಳುಗಳನ್ನು ತಾನೇ ಮಡಚಿದಳು. ಆಮೇಲೆ ಅಲ್ಲಿ ನಿಲ್ಲಲಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ಭುಜ ಹಿಡಿದುಕೊಂಡಳು, ಅಷ್ಟೇ.

ಅದಾಗಿ ಸ್ವಲ್ಪ ದಿನಗಳ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನ, ನಾನು ಊಟ ಮುಗಿಸಿ ತಟ್ಟೆ ತೊಳೆಯುವಾಗ ಬೆಲ್ ಆಯಿತು. ಬಾಗಿಲು ತೆಗೆದರೆ ಅಕ್ಕ, ಕೈಯಲ್ಲಿ ಬಟ್ಟೆಯ ಚೀಲ.

"ನಿನ್ನ ಭಾವ ಪುಣೆಗೆ ಹೋದರು," ಎಂದಳು. "ನನಗೆ ಯಾವ ಕೋಣೆ?"

ಬುಧವಾರದವರೆಗೆ ಇದ್ದಳು.